ಮತ್ತೊಂದು ಕೈಯ ಬರಹ

ಹಳೆ ಪುಸ್ತಕ ಕೈಗೆ ಬಂದರೆ ನಾನು ಮೊದಲು ರಟ್ಟು ಸರಿಸಿ ಒಳಗಿನ ಖಾಲಿ ಹಾಳೆಯನ್ನು ಬೆಳಕಿಗೆ ಹಿಡಿಯುತ್ತೇನೆ. ಯಾರದಾದರೂ ಹೆಸರು, ತಾರೀಕು, ಸಾಲದ ಲೆಕ್ಕ, ಕೊನೆಗೆ ದೋಬಿ ಚೀಟಿಯಾದರೂ ಅಲ್ಲಿದ್ದರೆ ಆ ಪುಸ್ತಕ ನನ್ನದು. ಅವೆನ್ಯೂ ರಸ್ತೆಯ ನನ್ನ ಖಾಯಂ ಅಂಗಡಿಯವರು ಇದನ್ನು ದೋಷವೆಂದೇ ತಿಳಿದಿದ್ದಾರೆ. ‘ಗೀಚಿಬಿಟ್ಟಿದ್ದಾರೆ ಸಾರ್, ಇಪ್ಪತ್ತು ರೂಪಾಯಿ ಕಮ್ಮಿ ಕೊಡಿ’ ಎನ್ನುತ್ತಾರೆ. ಗೀಚಿದ್ದಕ್ಕೇ ಇಪ್ಪತ್ತು ಜಾಸ್ತಿ ಕೊಡಲು ನಾನು ತಯಾರಿದ್ದೆ ಎಂಬುದನ್ನು ಇಷ್ಟು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟಿಲ್ಲ.

ನಮ್ಮ ಹಿರಿಯರಿಗೆ ಇಂಥ ಗೀಚಾಟಕ್ಕೆ ಪಂಚಾಂಗದ ಅಂಚು ಇತ್ತು. ಹಸು ಕರು ಹಾಕಿದ್ದು, ಮಗು ಹುಟ್ಟಿದ ಗಳಿಗೆ, ಹೋದವರ ತಿಥಿ ಎಲ್ಲಕ್ಕೂ ಅಲ್ಲೇ ಜಾಗ. ದಿನಾ ತೆರೆಯುವ ಪುಸ್ತಕವಾದ್ದರಿಂದ ಮರೆಯಬಾರದ್ದನ್ನು ಅದರಲ್ಲೇ ಬರೆದಿಟ್ಟರು. ಹದಿನಾಲ್ಕನೇ ಶತಮಾನದ ಇಟಲಿಯ ಕವಿಯೊಬ್ಬನಿಗೂ ಇದೇ ಯೋಚನೆ ಬಂದಿತ್ತು.

ಕವಿ ಪೆಟ್ರಾರ್ಕ್. ಅವನ ಬಳಿ ರೋಮನ್ ಕವಿ ವರ್ಜಿಲ್‌ನ ಕೃತಿಗಳ ಹಸ್ತಪ್ರತಿಯೊಂದಿತ್ತು. ಒಮ್ಮೆ ಕಳುವಾಗಿ 1338ರಲ್ಲಿ ಮತ್ತೆ ಕೈಸೇರಿದ್ದ ಪ್ರತಿ ಅದು. ಅದರ ಆರಂಭದ ಚಿತ್ರ ಬರೆದವನು ಸಿಯೆನಾದ ಸಿಮೋನೆ ಮಾರ್ತೀನಿ. ಮರದಡಿ ವರ್ಜಿಲ್ ಕುಳಿತಿದ್ದಾನೆ. ವ್ಯಾಖ್ಯಾನಕಾರ ಸರ್ವಿಯಸ್ ತೆರೆ ಸರಿಸಿ ಅವನನ್ನು ತೋರಿಸುತ್ತಿದ್ದಾನೆ. ಮಿಲಾನಿನ ಅಂಬ್ರೋಸಿಯಾನಾ ಗ್ರಂಥಾಲಯದಲ್ಲಿರುವ ಈ ಪುಸ್ತಕದ ಚಿತ್ರವನ್ನು ಕಲಾರಸಿಕರು ಕೊಂಡಾಡುತ್ತಾರೆ. ನನ್ನ ಕಣ್ಣು ಮಾತ್ರ ಅದರ ಖಾಲಿ ಹಾಳೆಯ ಮೇಲೆ ಪೆಟ್ರಾರ್ಕ್ ಸ್ವಂತ ಕೈಯಲ್ಲಿ ಬರೆದ ಕೆಲವೇ ಲ್ಯಾಟಿನ್ ಸಾಲುಗಳ ಮೇಲೆ.

ಅವನು ಬರೆದದ್ದು ಇಷ್ಟು: ತಾನು ಪ್ರೀತಿಸಿದ ಲಾರಾಳನ್ನು ಮೊದಲು ಕಂಡದ್ದು 1327ರ ಏಪ್ರಿಲ್ 6ರ ಬೆಳಿಗ್ಗೆ, ಅವಿನ್ಯಾನ್ ಪಟ್ಟಣದ ಸಂತ ಕ್ಲಾರಾ ಚರ್ಚಿನಲ್ಲಿ. ಆಕೆ ತೀರಿಕೊಂಡದ್ದು 1348ರ ಏಪ್ರಿಲ್ 6ರಂದು, ಅದೇ ಊರಿನಲ್ಲಿ, ಅದೇ ಹೊತ್ತಿಗೆ. ತಾನಾಗ ಏನೂ ತಿಳಿಯದೆ ವೆರೋನಾದಲ್ಲಿದ್ದೆ. ಸುದ್ದಿಯ ಕಾಗದ ಪಾರ್ಮಾದಲ್ಲಿ ಕೈಸೇರಿದ್ದು ಮೇ 19ಕ್ಕೆ. ಆ ವಸಂತದಲ್ಲಿ ಅವಿನ್ಯಾನ್ ಪ್ಲೇಗಿನಿಂದ ನಲುಗಿತ್ತು. ಲಾರಾಳ ಮೇಲೆ ನೂರಾರು ಪದ್ಯ ಕಟ್ಟಿದವನು ಇಲ್ಲಿ ಊರು, ಚರ್ಚು, ತಾರೀಕು, ಹೊತ್ತು ಇವನ್ನೇ ಹಿಡಿದುಕೊಂಡಿದ್ದಾನೆ. ಈ ಪುಸ್ತಕದಲ್ಲೇ ಯಾಕೆ ಬರೆದೆ ಎಂಬುದನ್ನೂ ಹೇಳುತ್ತಾನೆ: ಕಣ್ಣಿಗೆ ಪದೇಪದೇ ಬೀಳುವ ಪುಸ್ತಕ ಇದು. ಪಂಚಾಂಗದ ಅಂಚಿನ ನ್ಯಾಯವೇ! ಮುಂದೆ ಈ ಪುಸ್ತಕದಲ್ಲಿ ಗೆಳೆಯರ ಸಾವುಗಳೂ ಸೇರುತ್ತ ಹೋದವು. 1361ರಲ್ಲಿ ಪ್ಲೇಗು ಮರಳಿದಾಗ ಮಿಲಾನಿನಲ್ಲಿ ಮಗ ಜೊವಾನಿ ಹೋದ. ಅಪ್ಪ–ಮಗನಿಗೆ ಬದುಕಿದ್ದಾಗ ಹೊಂದಿಕೆಯಿರಲಿಲ್ಲ. ಮಗನಿಗೂ ವರ್ಜಿಲ್‌ನಲ್ಲಿ ಜಾಗ ಸಿಕ್ಕಿತು.

ಈ ಪ್ಲೇಗು 1347ರ ಅಕ್ಟೋಬರಿನಲ್ಲಿ ಜಿನೋವಾದವರ ಹಡಗುಗಳೊಂದಿಗೆ ಸಿಸಿಲಿಯ ಮೆಸ್ಸಿನಾ ಬಂದರಿಗಿಳಿದು, ಐದು ವರ್ಷದೊಳಗೆ ಯುರೋಪಿನ ಮೂರರಲ್ಲೊಂದು ಪಾಲು ಜನರನ್ನು, ಕೆಲವರ ಅಂದಾಜಿನಲ್ಲಿ ಅರ್ಧದಷ್ಟು ಜನರನ್ನು ಒಯ್ದಿತು. ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ, ಸುಡುವ ಜ್ವರ, ಕೆಲವೇ ದಿನ. ‘ಬ್ಲ್ಯಾಕ್ ಡೆತ್’ ಎಂಬ ಹೆಸರು ಆಮೇಲಿನವರು ಇಟ್ಟದ್ದು. ಕಂಡವರಿಗೆ ಅದು ‘ದೊಡ್ಡ ಸಾವು’. 1345ರಲ್ಲಿ ಶನಿ, ಗುರು, ಮಂಗಳ ಕುಂಭ ರಾಶಿಯಲ್ಲಿ ಕೂಡಿದ್ದೇ ಕಾರಣವೆಂದು ಪ್ಯಾರಿಸ್ ವಿಶ್ವವಿದ್ಯಾಲಯದ ವೈದ್ಯರು ವರದಿ ಕೊಟ್ಟರು. ನಿಜವಾದ ಕಾರಣವಾಗಿದ್ದ ರೋಗಾಣುವನ್ನು 1894ರಲ್ಲಿ ಹಾಂಗ್‌ಕಾಂಗಿನಲ್ಲಿ ವಿಜ್ಞಾನಿ ಯೆರ್ಸಿನ್ ಗುರುತಿಸಿದ. ಅದೇ ಜಾತಿಯ ರೋಗಾಣು 1898ರಲ್ಲಿ ಬೆಂಗಳೂರಿಗೂ ಬಂತು. ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದದ್ದು ಅದರ ಬೆನ್ನಿಗೇ. ನಮ್ಮ ಹಳ್ಳಿಗಳಲ್ಲಿ ‘ಇಲಿ ಬಿತ್ತು’ ಎಂದರೆ ಸಾಕಿತ್ತು, ಊರು ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಆ ಎರಡು ಪದದ ನಡುಕ ‘ಗೃಹಭಂಗ’ ಕಾದಂಬರಿ ಓದಿದವರಿಗೆ ಗೊತ್ತು. ಪೆಟ್ರಾರ್ಕ್‌ನ ಹಾಳೆಯಲ್ಲಿ ಇಲಿಯ ಸುದ್ದಿಯೇ ಇಲ್ಲ.

ಪುಸ್ತಕವಿಲ್ಲದವರಿಗೆ ಗೋಡೆಯಿತ್ತು. ಇಂಗ್ಲೆಂಡಿನ ಹರ್ಟ್‌ಫರ್ಡ್‌ಶೈರಿನ ಆಶ್‌ವೆಲ್ ಹಳ್ಳಿಯ ಚರ್ಚಿನ ಗೋಪುರದೊಳಗೆ, ಮೆದು ಕಲ್ಲಿನ ಮೇಲೆ, ಚೂಪಾದ ಯಾವುದೋ ಮೊನೆಯಿಂದ ಗೀರಿದ ಲ್ಯಾಟಿನ್ ಸಾಲುಗಳಿವೆ. 1350ರ ಹೊತ್ತಿಗೆ ಉಳಿದವರು ಪಾತ್ರೆಯ ತಳದ ಗಸಿಯಂಥವರು ಎಂಬ ಸಂಕಟ ಅದರಲ್ಲಿದೆ. ಅದರ ಜೊತೆಗೇ 1361ರ ಬಿರುಗಾಳಿಯ ನೆನಪು. ನಮ್ಮಲ್ಲಿ ಸ್ಮಾರಕದ ಮೇಲೆ ಹೆಸರು ಕೊರೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಶ್‌ವೆಲ್‌ನವನಿಗೆ ಮಾತ್ರ ಮಾಫಿ: ಅವನು ತನ್ನ ಹೆಸರನ್ನೇ ಕೊರೆಯಲಿಲ್ಲ.

ನನ್ನ ಸಂಗ್ರಹಕ್ಕೆ ಒಂದೇ ಒಂದು ಹಾಳೆ ಆರಿಸಿಕೋ ಎಂದರೆ ಇವೆರಡನ್ನೂ ಬಿಟ್ಟು ಐರ್ಲೆಂಡಿನ ಕಿಲ್ಕೆನಿಗೆ ಹೋಗುತ್ತೇನೆ. ಅಲ್ಲಿನ ಫ್ರಾನ್ಸಿಸ್ಕನ್ ಮಠದಲ್ಲಿ ಜಾನ್ ಕ್ಲಿನ್ ಎಂಬ ಸನ್ಯಾಸಿ ವರ್ಷವರ್ಷದ ವೃತ್ತಾಂತ ಬರೆಯುತ್ತಿದ್ದ. 1348ರ ಆಗಸ್ಟಿನಿಂದ ಕ್ರಿಸ್‌ಮಸ್‌ವರೆಗೆ ಡಬ್ಲಿನ್ ಒಂದರಲ್ಲೇ 14,000 ಮಂದಿ ಸತ್ತರು ಎನ್ನುತ್ತಾನೆ. ಅಂಕಿ ದೊಡ್ಡದಾಯಿತೆಂದು ಇತಿಹಾಸಕಾರರು ಹುಬ್ಬೇರಿಸುತ್ತಾರೆ, ಇರಲಿ. ಪಾಪ ಒಪ್ಪಿಕೊಂಡವನೂ ಅದನ್ನು ಕೇಳಿಸಿಕೊಂಡ ಪಾದ್ರಿಯೂ ಒಟ್ಟಿಗೇ ಗುಂಡಿ ಸೇರಿದರು, ಒಬ್ಬರೇ ಸತ್ತ ಮನೆ ಅಪರೂಪ ಎಂದು ಬರೆಯುವಾಗ ಅವನು ಎಣಿಕೆ ಬಿಟ್ಟು ಕಣ್ಣಿಗೆ ಕಂಡದ್ದಕ್ಕೆ ಇಳಿದಿದ್ದಾನೆ.

ಆಮೇಲೆ ಅವನು ಮಾಡಿದ್ದು ನೋಡಿ. ಬರೆಯುವವನೊಂದಿಗೆ ಬರಹವೂ ಸಾಯಬಾರದು. ಆದಮನ ಕುಲದವನೊಬ್ಬ ಬದುಕುಳಿದರೆ ಕೆಲಸ ಮುಂದುವರಿಸಲಿ ಎಂದು ಹೇಳಿ, ಅದಕ್ಕಾಗಿ ಖಾಲಿ ಚರ್ಮದ ಹಾಳೆಗಳನ್ನು ಬಿಟ್ಟುಹೋದ. ಕಾಗದವಲ್ಲ ಅದು. ಕುರಿಯದೋ ಕರುವಿನದೋ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಹೆರೆದು, ಚೌಕಟ್ಟಿಗೆ ಬಿಗಿದು ಒಣಗಿಸಿದರೆ ಆಗುವ ಹಾಳೆ. ಬಡ ಸನ್ಯಾಸಿಗೆ ಅದೇ ಆಸ್ತಿ. ವಾರಸುದಾರ ಯಾರೆಂದು ತಿಳಿಯದೆ ಬರೆದ ಉಯಿಲು ಇದು.

ಬರಹ 1349ಕ್ಕೆ ನಿಲ್ಲುತ್ತದೆ. ಬಳಿಕ ಮತ್ತೊಂದು ಕೈ ಐದು ಲ್ಯಾಟಿನ್ ಪದ ಸೇರಿಸಿದೆ: ಬರೆದವನು ಇಲ್ಲಿಗೆ ತೀರಿಕೊಂಡಂತಿದೆ ಎಂಬರ್ಥ. ಪ್ಲೇಗಿಗೇ ಹೋದನೆಂದು ಊಹೆ.

ಕ್ಲಿನ್‌ನ ಮೂಲಪ್ರತಿ ಈಗಿಲ್ಲ. ಉಳಿದಿರುವುದು ಶತಮಾನಗಳ ನಂತರದ ನಕಲುಗಳು. ಅಕ್ಷರದ ಓಟ ಎಲ್ಲಿ ಬದಲಾಯಿತು, ಶಾಯಿ ಎಷ್ಟು ತೆಳುವಾಯಿತು ಎಂದು ನೋಡುವ ಯೋಗ ನನ್ನಂಥವರಿಗಿಲ್ಲ. ಆದರೆ ನಕಲು ಮಾಡಿದವರು ಆ ಐದು ಪದಗಳನ್ನು ಗೀಚು ಎಂದು ಕೈಬಿಡಲಿಲ್ಲ. ಅವೆನ್ಯೂ ರಸ್ತೆಯ ಲೆಕ್ಕದಲ್ಲಿ ಅದಕ್ಕೆ ಇಪ್ಪತ್ತು ರೂಪಾಯಿ ಕಮ್ಮಿ. ಯಾರಾದರೂ ಉಳಿದಾರೆಯೇ ಎಂದು ಕ್ಲಿನ್ ಕೇಳಿದ್ದ. ಒಬ್ಬ ಉಳಿದಿದ್ದ, ಅವನಿಗೆ ಅಕ್ಷರವೂ ಬರುತ್ತಿತ್ತು.