‘ಚಂದ್ರಕಾಂತಾ ಸಂತತಿ’: ಎರಡನೆಯ ಗ್ರಂಥದ ವಿಚಾರ

ಅದ್ಭುತ ಕಥಾಮಾಲೆಯ ಮೊದಲನೆಯ ಗ್ರಂಥಕ್ಕಿರುವ ಅನುಕೂಲ ಎರಡನೆಯದಕ್ಕೆ ಇರುವುದಿಲ್ಲ. ಮೊದಲನೆಯದರಲ್ಲಿ ಲೋಕವೇ ಹೊಸದು. ಬಾಗಿಲು ತೆರೆದರೂ ಸೋಜಿಗ, ಮುಚ್ಚಿದರೂ ಸೋಜಿಗ. ಎರಡನೆಯದನ್ನು ಕೈಗೆತ್ತಿಕೊಳ್ಳುವ ಹೊತ್ತಿಗೆ ಹದಿನಾಲ್ಕು ಹದಿನೈದರ ವಾಚಕನಿಗೆ ಆ ಲೋಕದ ಕಟ್ಟುಕಟ್ಟಳೆಗಳೆಲ್ಲ ಕಂಠಪಾಠವಾಗಿರುತ್ತವೆ. ಒಮ್ಮೆ ಹಾರಿದ ಕುದುರೆ ಮತ್ತೊಮ್ಮೆ ಹಾರಿದರೆ ಅದು ಬರಿಯ ವಾಹನ. ಆದುದರಿಂದ ಎರಡನೆಯ ಗ್ರಂಥವನ್ನು ರಚಿಸುವವನು ಒಂದೋ ಸೋಜಿಗಗಳ ಸಂಖ್ಯೆಯನ್ನು ಹೆಚ್ಚಿಸುತ್ತಾನೆ, ಇಲ್ಲವೆ ಕಥೆಯ ಭಾರವನ್ನೇ ಬೇರೊಂದು ಕಡೆಗೆ ಸರಿಸುತ್ತಾನೆ. ಅಮೆರಿಕದ ಲೇಖಕಿ ಅರ್ಸುಲಾ ಲ ಗ್ವಿನ್ ಅವರು ಎಳೆಯರಿಗಾಗಿ ರಚಿಸಿದ ‘ಅರ್ಥ್‌ಸೀ’ ಮಾಲೆಯ ಎರಡನೆಯ ಗ್ರಂಥದಲ್ಲಿ (1971) ಮೊದಲನೆಯದರ ನಾಯಕನಾದ ಮಾಂತ್ರಿಕನು ಬಹಳ ಹೊತ್ತು ಕಾಣಿಸಿಕೊಳ್ಳುವುದೇ ಇಲ್ಲ. ನೆಲಮಾಳಿಗೆಯ ಕತ್ತಲೆಯಲ್ಲಿ ಬೆಳೆದ ಪೂಜಾರಿಣಿ ಬಾಲೆಯೊಬ್ಬಳು ಕಥೆಯ ನಡುವೆ ನಿಲ್ಲುತ್ತಾಳೆ. ಇದು ಎರಡನೆಯ ಬಗೆಗೆ ನಿದರ್ಶನ.

ಇದಕ್ಕಿಂತ ಮುಕ್ಕಾಲು ಶತಮಾನದಷ್ಟು ಹಿಂದೆ ಕಾಶಿಯಲ್ಲಿ ಕುಳಿತು ಬಾಬು ದೇವಕೀನಂದನ ಖತ್ರಿಯವರು ಈ ಎರಡು ಕೆಲಸಗಳನ್ನೂ ಒಂದೇ ಗ್ರಂಥದಲ್ಲಿ ಮಾಡಿದರು. ದೆಹಲಿಯ ಕನ್ನಡಿಗರಲ್ಲಿ ಬಹುಮಂದಿಗೆ ‘ಚಂದ್ರಕಾಂತಾ’ ಎಂಬ ಹೆಸರು ಪರಿಚಿತವಾದದ್ದು 1994ರಲ್ಲಿ ದೂರದರ್ಶನದಲ್ಲಿ ಆರಂಭವಾದ ಧಾರಾವಾಹಿಯಿಂದ. ಅದರ ಕ್ರೂರಸಿಂಹನ ಹುಬ್ಬುಗಳನ್ನು ಮರೆಯದವರು ಇಂದಿಗೂ ಸಿಕ್ಕುತ್ತಾರೆ. ಮೂಲಗ್ರಂಥವನ್ನು ತೆರೆದವರು ವಿರಳ. ಧಾರಾವಾಹಿಯು ಮೂಲದಿಂದ ಬಹುದೂರ ಸರಿದದ್ದು. ಅದನ್ನು ನೋಡಿ ಖತ್ರಿಯವರನ್ನು ಅಳೆಯುವುದು ನ್ಯಾಯವಲ್ಲ.

ಖತ್ರಿಯವರು ಹುಟ್ಟಿದ್ದು 1861ರಲ್ಲಿ, ಬಿಹಾರದಲ್ಲಿ, ಬಾಳಿದ್ದು ಕಾಶಿಯಲ್ಲಿ. ಕಾಶೀ ಮಹಾರಾಜರ ಆಡಳಿತಕ್ಕೆ ಸೇರಿದ ಚಕಿಯಾ ಮತ್ತು ನೌಗಢದ ಕಾಡುಗಳ ಗುತ್ತಿಗೆ ಕೆಲಕಾಲ ಅವರ ಕೈಯಲ್ಲಿತ್ತು. ವಿಂಧ್ಯದ ಆ ಕಣಿವೆಗಳು, ಪಾಳುಬಿದ್ದ ಕೋಟೆಗಳು, ಗುಹೆಗಳು, ಜಲಪಾತಗಳು ಅವರ ಕಥೆಗಳ ನೆಲ. ನೌಗಢ, ವಿಜಯಗಢ, ಚುನಾರ, ರೋಹತಾಸಗಢ ಇವಾವುವೂ ಕಲ್ಪಿತ ಹೆಸರುಗಳಲ್ಲ. 1888ರಲ್ಲಿ ಆರಂಭವಾದ ‘ಚಂದ್ರಕಾಂತಾ’ ನಾಲ್ಕು ಭಾಗಗಳ ಗ್ರಂಥ. 1894ರಿಂದ 1905ರವರೆಗೆ ಪ್ರಕಟವಾದ ‘ಚಂದ್ರಕಾಂತಾ ಸಂತತಿ’ ಇಪ್ಪತ್ತನಾಲ್ಕು ಭಾಗಗಳದು. ಎರಡನೆಯದು ಮೊದಲನೆಯದರ ಆರು ಪಾಲು ಭಾಗಗಳಲ್ಲಿ ಹರಡಿದೆಯೆಂಬುದೊಂದೇ ಗ್ರಂಥಕರ್ತನ ಮೇಲೆ ವಾಚಕರ ಒತ್ತಾಯ ಎಷ್ಟಿತ್ತೆಂಬುದನ್ನು ಹೇಳುತ್ತದೆ. 1894ರಲ್ಲಿ ಹನ್ನೆರಡರ ಬಾಲಕನಾಗಿ ಓದತೊಡಗಿದವನು ಕಥೆ ಮುಗಿಯುವಾಗ ಇಪ್ಪತ್ತಮೂರರ ತರುಣ. ಈ ಗ್ರಂಥದ ವಾಚಕನು ಗ್ರಂಥದೊಡನೆ ಬೆಳೆದವನು.

ಮೊದಲನೆಯ ಗ್ರಂಥದ ವಸ್ತು ಸರಳವಾದದ್ದು. ನೌಗಢದ ರಾಜಕುಮಾರ ವೀರೇಂದ್ರಸಿಂಹನೂ ವಿಜಯಗಢದ ರಾಜಕುಮಾರಿ ಚಂದ್ರಕಾಂತೆಯೂ ಪರಸ್ಪರ ಅನುರಕ್ತರು. ಮಂತ್ರಿಪುತ್ರ ಕ್ರೂರಸಿಂಹನೂ ಚುನಾರದ ರಾಜ ಶಿವದತ್ತನೂ ಅಡ್ಡಬರುವವರು. ಎರಡು ಪಕ್ಷಗಳಲ್ಲಿಯೂ ‘ಐಯಾರ’ರಿದ್ದಾರೆ. ಐಯಾರನೆಂದರೆ ಬೇಕಾದವರ ವೇಷವನ್ನು ಕ್ಷಣದಲ್ಲಿ ತಾಳಬಲ್ಲವನು. ಅವನ ಚೀಲದಲ್ಲಿ ಮೂರ್ಛೆಗೆಡಹುವ ಪುಡಿಯೂ ಉಂಟು, ಮೂರ್ಛೆ ತಿಳಿಸುವ ‘ಲಖಲಖಾ’ ಎಂಬ ಮದ್ದೂ ಉಂಟು. ಸೆರೆಸಿಕ್ಕ ಐಯಾರನನ್ನು ಕೊಲ್ಲಬಾರದೆಂಬುದು ಅವರೊಳಗಿನ ಧರ್ಮ. ಕಥೆಯ ನಡುವೆ ‘ತಿಲಿಸ್ಮ್’ ಇದೆ, ಎಂದರೆ ಪೂರ್ವಕಾಲದ ಅರಸರು ನಿಧಿಯನ್ನು ಬೈತಿಟ್ಟು ಯಂತ್ರಗಳಿಂದ ಕಟ್ಟಿದ ಅಭೇದ್ಯ ರಚನೆ. ಅಲ್ಲಿ ಕಲ್ಲಿನ ಕೊಕ್ಕರೆಯೊಂದು ಬಳಿಬಂದವರನ್ನು ನುಂಗುತ್ತದೆ. ಚಂದ್ರಕಾಂತೆಯೂ ಅವಳ ಸಖಿ ಚಪಲೆಯೂ ಅದರ ಪಾಲಾಗುತ್ತಾರೆ. ವೀರೇಂದ್ರಸಿಂಹನು ತಿಲಿಸ್ಮನ್ನು ಭೇದಿಸುತ್ತಾನೆ, ವಿವಾಹವಾಗುತ್ತದೆ.

ಐಯಾರರೂ ತಿಲಿಸ್ಮೂ ಖತ್ರಿಯವರ ಸ್ವಂತ ಸೃಷ್ಟಿಗಳಲ್ಲ. ಲಖನೌದ ನವಲಕಿಶೋರ ಮುದ್ರಣಾಲಯದಿಂದ 1883ರಿಂದ ಹೊರಬರತೊಡಗಿದ ‘ತಿಲಿಸ್ಮೆ ಹೋಶ್‌ರುಬಾ’ ಎಂಬ ಉರ್ದೂ ದಾಸ್ತಾನಿನಲ್ಲಿ ಇವೆರಡೂ ಇದ್ದುವು. ಅಲ್ಲಿ ತಿಲಿಸ್ಮ್ ಮಾಟಗಾರರ ರಾಜ್ಯ. ಖತ್ರಿಯವರು ಮಾಟವನ್ನು ತೆಗೆದುಹಾಕಿ ಆ ಜಾಗದಲ್ಲಿ ಕೀಲು, ಸರಪಳಿ, ಮದ್ದುಗಳನ್ನಿಟ್ಟರು. ನುಂಗುವ ಕೊಕ್ಕರೆಗೆ ಕೊನೆಯಲ್ಲಿ ಕಾರಣವನ್ನು ಹೇಳುತ್ತಾರೆ. ಕಾರಣ ತಿಳಿದ ಮೇಲೆ ಅದ್ಭುತರಸ ಕುಗ್ಗುವುದಿಲ್ಲವೆ ಎಂದು ಲಾಕ್ಷಣಿಕರು ಕೇಳಬಹುದು. ಕುಗ್ಗುವುದು ನಿಜವೇ. ಆದರೆ ‘ಹೀಗಾದದ್ದು ಹೇಗೆ’ ಎಂದು ಹಿಂತಿರುಗಿ ಕೇಳುವ ಅಭ್ಯಾಸವೊಂದು ವಾಚಕನಲ್ಲಿ ನೆಲೆಗೊಳ್ಳುತ್ತದೆ. ಎರಡನೆಯ ಗ್ರಂಥ ಬದುಕುವುದು ಈ ಅಭ್ಯಾಸದ ಬಲದಿಂದ.

‘ಸಂತತಿ’ಯ ಬಾಹ್ಯಕಥೆ ವೀರೇಂದ್ರಸಿಂಹ ಚಂದ್ರಕಾಂತೆಯರ ಮಕ್ಕಳಾದ ಇಂದ್ರಜಿತಸಿಂಹ ಆನಂದಸಿಂಹರದು. ತಂದೆ ಒಂದು ತಿಲಿಸ್ಮನ್ನು ಭೇದಿಸಿದರೆ ಮಕ್ಕಳು ಜಮಾನಿಯಾದ ಇನ್ನೂ ದೊಡ್ಡ ತಿಲಿಸ್ಮನ್ನು ಭೇದಿಸಬೇಕು. ಇದು ಸಂಖ್ಯೆಯನ್ನು ಹೆಚ್ಚಿಸುವ ಬಗೆ; ಇಲ್ಲಿ ಗ್ರಂಥ ಸೋಲುತ್ತದೆ. ಬಾಗಿಲ ಹಿಂದೆ ಬಾಗಿಲು, ತೋಟದಾಚೆ ತೋಟ, ಕೊಠಡಿಯೊಳಗೊಂದು ಕೊಠಡಿ; ರಾಜಕುಮಾರರಿಬ್ಬರೂ ಕೈಯಲ್ಲಿ ಪುಸ್ತಕ ಹಿಡಿದು ಅದು ಹೇಳಿದಂತೆ ಕೀಲು ತಿರುಗಿಸುತ್ತಾರೆ. ಅವರಿಗೆ ಅಪಾಯವಿಲ್ಲ, ಏಕೆಂದರೆ ತಿಲಿಸ್ಮ್ ಅವರ ಹೆಸರಿಗೇ ಕಟ್ಟಲ್ಪಟ್ಟದ್ದು. ವಿಧಿ ಬರೆದಿಟ್ಟ ಜಯದಲ್ಲಿ ವೀರರಸಕ್ಕೆ ಎಡೆಯೆಲ್ಲಿ? ಅಣ್ಣನನ್ನೂ ತಮ್ಮನನ್ನೂ ಅದಲುಬದಲು ಮಾಡಿದರೂ ಅನೇಕ ಪ್ರಕರಣಗಳಲ್ಲಿ ವ್ಯತ್ಯಾಸ ತೋರದು.

ಕಥೆಯ ಭಾರ ಸರಿದದ್ದು ಬೇರೆ ಕಡೆಗೆ. ಜಮಾನಿಯಾದ ರಾಜ ಗೋಪಾಲಸಿಂಹನು ಸತ್ತನೆಂದು ಲೋಕ ನಂಬಿದೆ. ಅವನು ತನ್ನ ರಾಣಿಯ ಸೆರೆಯಲ್ಲಿಯೇ ಇದ್ದಾನೆ. ಆ ಮಾಯಾರಾಣಿಯಾದರೂ ಅವನು ವರಿಸಬೇಕಾಗಿದ್ದ ಲಕ್ಷ್ಮೀದೇವಿಯಲ್ಲ, ಅವಳ ಸ್ಥಾನದಲ್ಲಿ ಬಂದು ಕುಳಿತ ಮುಂದರ್ ಎಂಬವಳು. ಕಮಲಿನಿ, ಲಾಡಿಲಿ ಎಂಬ ಸೋದರಿಯರು ಇವಳನ್ನೇ ಅಕ್ಕನೆಂದು ತಿಳಿದು ಬೆಳೆದಿದ್ದಾರೆ. ಅವರ ತಂದೆ ಬಲಭದ್ರಸಿಂಹನ ವೇಷದಲ್ಲಿ ಮತ್ತೊಬ್ಬನು ತಿರುಗುತ್ತಿದ್ದಾನೆ. ಇವೆಲ್ಲವೂ ಕಥೆ ತೊಡಗುವ ಮೊದಲೇ, ಹಿಂದಿನ ಪೀಳಿಗೆಯಲ್ಲಿ, ಮುಚ್ಚಿದ ಕೋಣೆಗಳಲ್ಲಿ ನಡೆದುಹೋದ ದ್ರೋಹಗಳು. ಮೊದಲನೆಯ ಗ್ರಂಥವನ್ನು ಓದುವವನು ‘ಮುಂದೇನು’ ಎಂದು ಕೇಳುತ್ತಾನೆ. ‘ಸಂತತಿ’ಯನ್ನು ಓದುವವನು ‘ಹಿಂದೇನು’ ಎಂದು ಕೇಳತೊಡಗುತ್ತಾನೆ. ಹೆಸರು ಸಂತತಿಯಾದರೂ ಇದು ಹಿರಿಯರ ಕಥೆ. ನೆಲದಡಿಯ ಬೀಗಗಳನ್ನು ಮಕ್ಕಳು ತೆರೆಯುತ್ತಿರುವಾಗ ಆಸ್ಥಾನದಲ್ಲಿ ಹಿರಿಯರು ಬಾಯಿಗೆ ಹಾಕಿಕೊಂಡ ಬೀಗಗಳು ಒಂದೊಂದಾಗಿ ಕಳಚುತ್ತವೆ.

ಈ ನೆನಪಿನ ಕಥೆಯ ನಡುವೆ ನಿಲ್ಲುವವನು ರಾಜನಲ್ಲ, ರಾಜಕುಮಾರನೂ ಅಲ್ಲ, ಭೂತನಾಥನೆಂಬ ಐಯಾರ. ಅವನ ನಿಜವಾದ ಹೆಸರು ಗದಾಧರಸಿಂಹ. ಅವನು ಸಾಹಸಿ, ಬುದ್ಧಿವಂತ, ವೀರೇಂದ್ರಸಿಂಹನ ಪಕ್ಷಕ್ಕೆ ಮಹೋಪಕಾರ ಮಾಡಿದವನು; ಲೋಭಕ್ಕೆ ಬಿದ್ದು ಘೋರಕೃತ್ಯಗಳಲ್ಲಿ ಕೈಯಿಟ್ಟವನೂ ಹೌದು. ಹಳೆಯ ಪತ್ರಗಳ ಕಟ್ಟೊಂದು ಹೊರಬಂದಾಗ ಅವನು ಅಪರಾಧಿಯಾಗಿ ನಿಲ್ಲಬೇಕಾಗುತ್ತದೆ. ಅವನ ಮೇಲೆ ದೂರು ಹೊರಿಸುವವನು ಸುಳ್ಳು ಬಲಭದ್ರಸಿಂಹ. ದೂರುವವನ ಮುಖವೇ ಸುಳ್ಳು, ದೂರಿನಲ್ಲಿ ಮಾತ್ರ ಸತ್ಯದ ಅಂಶವಿದೆ. ಇಂತಹ ಇಕ್ಕಟ್ಟು ಮೊದಲನೆಯ ಗ್ರಂಥದಲ್ಲಿ ಎಲ್ಲಿಯೂ ಇಲ್ಲ. ನೂರು ಜನರ ಮುಖವನ್ನು ತಾಳಬಲ್ಲ ಐಯಾರನಿಗೆ ತನ್ನ ಮುಖವನ್ನು ಮಗಳು ಕಮಲೆಯ ಎದುರಿಗೆ, ಮಗ ನಾನಕನ ಎದುರಿಗೆ ತೋರಿಸುವುದು ದುಸ್ಸಾಧ್ಯವಾಗುತ್ತದೆ. ಮೊದಲನೆಯ ಗ್ರಂಥದಲ್ಲಿ ವೇಷವು ಆಟ, ಎರಡನೆಯದರಲ್ಲಿ ಅದು ನೋವು.

ಆಚಾರ್ಯ ರಾಮಚಂದ್ರ ಶುಕ್ಲರು 1929ರಲ್ಲಿ ಪ್ರಕಟವಾದ ‘ಹಿಂದೀ ಸಾಹಿತ್ಯ ಕಾ ಇತಿಹಾಸ’ದಲ್ಲಿ ಖತ್ರಿಯವರನ್ನು ಎರಡು ತಕ್ಕಡಿಗಳಲ್ಲಿಟ್ಟು ತೂಗಿದರು. ಇವರಷ್ಟು ವಾಚಕರನ್ನು ಮತ್ತಾವ ಗ್ರಂಥಕರ್ತರೂ ಹಿಂದಿಗೆ ತಂದುಕೊಡಲಿಲ್ಲವೆಂದೂ, ಇವರನ್ನು ಓದುವುದಕ್ಕಾಗಿಯೇ ಎಷ್ಟೋ ಮಂದಿ ಹಿಂದಿ ಕಲಿತರೆಂದೂ ಒಪ್ಪಿದರು. ಘಟನೆಗಳ ವೈಚಿತ್ರ್ಯವಲ್ಲದೆ ರಸಸಂಚಾರವಾಗಲಿ ಪಾತ್ರಚಿತ್ರಣವಾಗಲಿ ಇವುಗಳಲ್ಲಿಲ್ಲ, ಆದುದರಿಂದ ಇವು ಶುದ್ಧಸಾಹಿತ್ಯದ ಕೋಟಿಗೆ ಸೇರವು ಎಂಬುದು ಅವರ ಎರಡನೆಯ ತೀರ್ಪು. ಈ ತೀರ್ಪು ‘ಚಂದ್ರಕಾಂತಾ’ಕ್ಕೆ ಸಲ್ಲುತ್ತದೆ, ‘ಸಂತತಿ’ಯ ರಾಜಕುಮಾರರಿಗೂ ಸಲ್ಲುತ್ತದೆ. ಭೂತನಾಥನಿಗೆ ಸಲ್ಲದು. ಪಶ್ಚಾತ್ತಾಪ, ಭಯ, ಮಾನಾಪೇಕ್ಷೆ ಈ ಮೂರರ ನಡುವೆ ಹೊಯ್ದಾಡುವ ಒಬ್ಬ ಪಾಪಿಯನ್ನು ನೂರಾರು ಪುಟಗಳವರೆಗೆ ಕೈಬಿಡದೆ ನಡೆಸಿದ್ದು ಪಾತ್ರಚಿತ್ರಣವಲ್ಲವೆಂದರೆ ಆ ಶಬ್ದದ ಅರ್ಥವನ್ನೇ ಸಂಕುಚಿಸಬೇಕಾದೀತು. ಮಾಲೆಯನ್ನು ಇಡಿಯಾಗಿ ಒಂದೇ ಮಾತಿನಲ್ಲಿ ತೀರಿಸಿಬಿಡುವ ವಿಮರ್ಶೆಗೆ ಎರಡನೆಯ ಗ್ರಂಥದ ಒಳಗಿನ ತಿರುವು ಕಾಣದೆ ಹೋಗುತ್ತದೆ.

ಹೀಗೆಂದ ಮಾತ್ರಕ್ಕೆ ಗ್ರಂಥದ ದೋಷಗಳನ್ನು ಮರೆಸಬೇಕಾದುದಿಲ್ಲ. ಕಿಶೋರಿ ಎಂಬ ನಾಯಿಕೆಯ ಪಾಲಿಗೆ ಅಪಹೃತಳಾಗುವುದಲ್ಲದೆ ಬೇರೆ ಉದ್ಯೋಗವಿಲ್ಲವೆನ್ನುವಷ್ಟು ಸಲ ಅವಳನ್ನು ಹೊತ್ತೊಯ್ಯುತ್ತಾರೆ. ಬುದ್ಧಿಯಲ್ಲಿಯೂ ಧೈರ್ಯದಲ್ಲಿಯೂ ಯಾವ ಗಂಡಸಿಗೂ ಕಡಿಮೆಯಿಲ್ಲದ ಕಮಲಿನಿಯನ್ನು ಕೊನೆಗೆ ಕಿಶೋರಿಯೊಡನೆ ಇಂದ್ರಜಿತಸಿಂಹನ ಎರಡನೆಯ ಪತ್ನಿಯಾಗಿ ಮಾಡಿ ಮುಗಿಸಿದ್ದು ಆ ಪಾತ್ರಕ್ಕೆ ಮಾಡಿದ ಅನ್ಯಾಯವೆಂದೇ ಹೇಳಬೇಕು.

ಭಾಷೆಯ ವಿಚಾರದಲ್ಲಿಯೂ ಶುಕ್ಲರಿಗೆ ಅಸಮಾಧಾನವಿತ್ತು. ಇದು ಸಾಹಿತ್ಯಿಕ ಹಿಂದಿಯಲ್ಲ, ಹಗುರವಾದ ಕಥೆಗಳಿಗೆ ಮಾತ್ರ ಒದಗಬಲ್ಲ ‘ಹಿಂದುಸ್ತಾನಿ’ ಎಂಬುದು ಅವರ ಅಭಿಪ್ರಾಯ. ಕಾಲವನ್ನು ನೆನೆದರೆ ಈ ಹಗುರತನದ ಬೆಲೆ ತಿಳಿದೀತು. ವಾಯವ್ಯ ಪ್ರಾಂತ ಮತ್ತು ಔಧದ ಸರಕಾರವು ಕಚೇರಿಗಳಲ್ಲಿ ನಾಗರಿಗೆ ಎಡೆಕೊಟ್ಟದ್ದು 1900ರಲ್ಲಿ. ಆ ಹೊತ್ತಿಗೆ ‘ಸಂತತಿ’ಯ ಭಾಗಗಳು ಆರು ವರ್ಷಗಳಿಂದ ಮನೆಮನೆಗಳಲ್ಲಿ ಹುಡುಗರಿಗೆ ನಾಗರಿಯನ್ನು ಓದಿಸುತ್ತಿದ್ದುವು. ಕನ್ನಡದಲ್ಲಿ ಇದೇ ಕೆಲಸವನ್ನು ಬಿ. ವೆಂಕಟಾಚಾರ್ಯರೂ (1845–1914) ಗಳಗನಾಥರೂ (1869–1942) ಬೇರೆ ಬಗೆಯ ಕಥೆಗಳಿಂದ ನಡೆಸಿದರು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಮಾರಿದರೆಂಬುದನ್ನು ಕನ್ನಡಿಗರು ಅಭಿಮಾನದಿಂದ ಸ್ಮರಿಸುತ್ತಾರೆ. ಮುಂದೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಕನ್ನಡ ಓದಿದವರನ್ನು ಮಾತ್ರ ಅಷ್ಟೇ ಅಭಿಮಾನದಿಂದ ಸ್ಮರಿಸುವುದಿಲ್ಲ. ಓದುವ ಚಟ ಅಂಟುವುದು ಮೊದಲನೆಯ ಪುಸ್ತಕದಿಂದಲ್ಲ. ಮೊದಲನೆಯದನ್ನು ಹಿರಿಯರು ಕೊಡಿಸಬಲ್ಲರು. ಎರಡನೆಯದನ್ನು ಹುಡುಗನು ತಾನಾಗಿ ಕೇಳಬೇಕು.

ದೆಹಲಿ, ನೋಯ್ಡಾ, ಗುರುಗ್ರಾಮಗಳ ಕನ್ನಡ ಮನೆಗಳಲ್ಲಿ ಹುಡುಗರು ಹೀಗೆ ಕೇಳುವ ಎರಡನೆಯ ಪುಸ್ತಕ ಸಾಮಾನ್ಯವಾಗಿ ಇಂಗ್ಲಿಷಿನದು. ಅವರಿಗೆ ನಾಗರಿ ತಿಳಿದಿದೆ, ಕನ್ನಡ ಕಿವಿಯಲ್ಲಿದೆ. ‘ಸಂತತಿ’ಯನ್ನು ಮೂಲದಲ್ಲಿಯೇ ಓದಲು ಅವರಿಗೆ ಅಡ್ಡಿಯಿಲ್ಲ. ಅದನ್ನು ಕನ್ನಡದಲ್ಲಿ ಅವರ ಮುಂದಿಡಲು ಹೊರಡುವವರು ಇಪ್ಪತ್ತನಾಲ್ಕು ಭಾಗಗಳನ್ನೂ ತರಬೇಕಾದುದಿಲ್ಲ. ಸಂಗ್ರಹಕಾರರ ಕೈ ಸಹಜವಾಗಿ ತಿಲಿಸ್ಮನ್ನು ಉಳಿಸಿಕೊಂಡು ಭೂತನಾಥನ ವಿಚಾರಣೆಯನ್ನು ಕತ್ತರಿಸುವ ಕಡೆಗೆ ಹೋಗುತ್ತದೆ. ಆಗಬೇಕಾದದ್ದು ಇದರ ವಿಪರ್ಯಾಸ. ‘ಐಯಾರ’ ಎಂಬ ಶಬ್ದಕ್ಕೆ ‘ಗೂಢಚಾರ’ ಸಾಲದು, ಏಕೆಂದರೆ ಅದರಲ್ಲಿ ವೇಷವಿಲ್ಲ. ಉತ್ತರ ಕರ್ನಾಟಕದ ‘ಹಗಲುವೇಷ’ದಲ್ಲಿ ವೇಷವಿದೆ, ಅಪಾಯವಿಲ್ಲ. ಶಬ್ದವನ್ನು ಹಾಗೆಯೇ ಉಳಿಸಿಕೊಳ್ಳುವುದು ಲೇಸು.

ಖತ್ರಿಯವರು ‘ಸಂತತಿ’ಯ ಕೊನೆಯಲ್ಲಿ ಭೂತನಾಥನಿಗೆ ಕ್ಷಮೆಯನ್ನು ಕೊಡಿಸಿ, ತನ್ನ ಜೀವನವೃತ್ತಾಂತವನ್ನು ಬರೆಯುವ ಹೊಣೆಯನ್ನು ಅವನಿಗೇ ವಹಿಸಿದರು. ಅದೇ ‘ಭೂತನಾಥ’ ಎಂಬ ಮುಂದಿನ ಗ್ರಂಥ. 1913ರಲ್ಲಿ ಅವರು ತೀರಿಕೊಂಡಾಗ ಅದು ಅಪೂರ್ಣವಾಗಿತ್ತು. ಮಗ ದುರ್ಗಾಪ್ರಸಾದ ಖತ್ರಿಯವರು ಪೂರ್ಣಗೊಳಿಸಿದರು. ಬಾಣನ ‘ಕಾದಂಬರಿ’ಯ ಉತ್ತರಭಾಗವನ್ನು ಬರೆದವನೂ ಅವನ ಮಗನೇ. ಕಥೆ ನಡುವೆ ನಿಂತುಹೋದುದಕ್ಕೆ ಸಜ್ಜನರು ದುಃಖಿಸುವುದನ್ನು ಕಂಡು ತೊಡಗಿದೆನಲ್ಲದೆ ಕವಿಯೆಂಬ ಹೆಮ್ಮೆಯಿಂದಲ್ಲ ಎಂಬರ್ಥದ ಮಾತನ್ನು ಅವನು ಮೊದಲಲ್ಲಿಯೇ ಹೇಳಿಕೊಂಡಿದ್ದಾನೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಆ ಕಥೆಯನ್ನು ಕನ್ನಡಿಸುವಾಗ ತಂದೆಯ ಭಾಗದಲ್ಲಿಯೇ ನಿಲ್ಲಲಿಲ್ಲ. ಮಗನು ಮುಗಿಸಿದ ಕಥೆಯನ್ನೂ ತಂದನು.