ಏಳು ವರ್ಷದ ತಕ್ಕಡಿ

ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ 2016ರಲ್ಲಿ ಬಂದಂದಿನಿಂದ ಹೊಗಳುವವರು ನೋಂದಣಿಯ ಲೆಕ್ಕ ಕೊಡುತ್ತಾರೆ, ತೆಗಳುವವರು ವಿಮಾ ಕಂಪನಿಗಳ ಲಾಭದ ಲೆಕ್ಕ ಕೊಡುತ್ತಾರೆ. ಮುಂಗಾರಿನ ಆಹಾರ ಬೆಳೆಗೆ ರೈತರ ಕಂತು ವಿಮಾ ಮೊತ್ತದ ಶೇ 2, ಮಿಕ್ಕಿದ್ದು ಸರ್ಕಾರಗಳದು. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ಮಳೆ ಕೈಕೊಟ್ಟಾಗ ರೈತನನ್ನು ಕಾಯುವ ಯೋಜನೆ ಎಂಬ ಹೆಸರು ಮಾತ್ರ ಇದಕ್ಕೆ ಸಲ್ಲದು.

ನಷ್ಟವನ್ನು ಅಳೆಯುವುದು ಬೆಳೆ ಕಟಾವು ಪ್ರಯೋಗದಿಂದ. ಪಂಚಾಯಿತಿಯಲ್ಲಿ ಪ್ರಮುಖ ಬೆಳೆಗೆ ಕನಿಷ್ಠ ನಾಲ್ಕು ಕಡೆ ಗೂಟ ಹೊಡೆದು, ಹಗ್ಗ ಕಟ್ಟಿ, ಐದು ಮೀಟರ್ ಚೌಕದೊಳಗಿನ ತೆನೆ ಕೊಯ್ದು ತೂಗುತ್ತಾರೆ. ಆ ತೂಕವನ್ನು ಖಾತರಿ ಇಳುವರಿಗೆ ಹೋಲಿಸುತ್ತಾರೆ. ಖಾತರಿ ಎಂದರೆ ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದರ ಸರಾಸರಿಯಲ್ಲಿ ಇಷ್ಟು ಪಾಲು. ಎರಡು ಕೆಟ್ಟ ವರ್ಷ ಮಾಫಿ. ಮೂರನೆಯದು?

ಲೆಕ್ಕ ಹಾಕಿ ನೋಡೋಣ. ಒಳ್ಳೆಯ ವರ್ಷ ಎಕರೆಗೆ ಎಂಟು ಕ್ವಿಂಟಲ್ ರಾಗಿ, ಕೆಟ್ಟ ವರ್ಷ ನಾಲ್ಕು, ಖಾತರಿಯ ಪಾಲು ಶೇ 80 ಎಂದುಕೊಳ್ಳಿ. ಏಳರಲ್ಲಿ ಎರಡೇ ವರ್ಷ ಕೆಟ್ಟಿದ್ದರೆ ಖಾತರಿ 6.4 ಕ್ವಿಂಟಲ್, ಈ ಸಲ ನಾಲ್ಕು ಬಂದರೆ ಪರಿಹಾರ ವಿಮಾ ಮೊತ್ತದ ಶೇ 37.5. ನಾಲ್ಕು ವರ್ಷ ಕೆಟ್ಟಿದ್ದರೆ ಸರಾಸರಿ ಕುಸಿದು ಖಾತರಿ 5.12ಕ್ಕೆ ಇಳಿಯುತ್ತದೆ, ಅದೇ ನಾಲ್ಕು ಕ್ವಿಂಟಲ್‌ಗೆ ಪರಿಹಾರ ಶೇ 22ರಷ್ಟೂ ಇಲ್ಲ. ಪದೇ ಪದೇ ಪೆಟ್ಟು ತಿಂದ ಊರಿಗೇ ಕಡಿಮೆ. ನಮ್ಮ ಕರ್ನಾಟಕದಲ್ಲಿ 2018ರಲ್ಲಿ ಬರ, 2019ರಲ್ಲಿ ನೆರೆ, 2023ರಲ್ಲಿ 236 ತಾಲ್ಲೂಕುಗಳ ಪೈಕಿ 223 ಬರಪೀಡಿತ. ಆರು ವರ್ಷದಲ್ಲೇ ಮೂರು.

ಕಂಪನಿಗಳ ಲಾಭವನ್ನೇ ಹಿಡಿದು ಜಗ್ಗುವ ವಿಮರ್ಶಕರ ಮೇಲೆ ನನಗೆ ಸಿಟ್ಟಿದೆ. ಲಾಭವನ್ನು ಪ್ರಶ್ನಿಸಬೇಕು, ಸರಿ. ಆದರೆ ನಾಳೆ ಒಂದು ರೂಪಾಯಿ ಲಾಭವಿಲ್ಲದ ಸರ್ಕಾರಿ ಕಂಪನಿಯೇ ಇದನ್ನು ನಡೆಸಿದರೂ ಈ ಸೂತ್ರ ಹೀಗೆಯೇ ಕೊಯ್ಯುತ್ತದೆ. ಹೊಲಹೊಲಕ್ಕೂ ಹೋಗಿ ಅಳೆಯಿರಿ ಎನ್ನುವವರೂ ಇದನ್ನು ಕಾಣುವುದಿಲ್ಲ; ಪಂಚಾಯಿತಿಯನ್ನೇ ಘಟಕ ಮಾಡಿದ್ದರಿಂದ ಎಷ್ಟೋ ಮೋಸ, ಎಷ್ಟೋ ಓಡಾಟ ತಪ್ಪಿದೆ, ಅದು ಈ ಯೋಜನೆಯ ಒಳ್ಳೆಯ ಗುಣ. ತಪ್ಪು ತೂಗುವುದರಲ್ಲಿಲ್ಲ, ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿದೆ.

ಅಪಾಯ ಹೆಚ್ಚಾದರೆ ಕಂಪನಿ ಟೆಂಡರಿನಲ್ಲಿ ಹೆಚ್ಚು ದರ ಕೇಳಬಹುದು. ಕೇಂದ್ರವೂ 2020ರಿಂದ ಮಳೆಯಾಶ್ರಿತ ಬೆಳೆಗೆ ಶೇ 30, ನೀರಾವರಿ ಬೆಳೆಗೆ ಶೇ 25ರ ದರದವರೆಗೆ ಮಾತ್ರ ಸಹಾಯಧನ ಎಂದು ತನ್ನ ಹೊರೆಗೆ ಮಿತಿ ಹಾಕಿಕೊಂಡಿತು. ಇಬ್ಬರೂ ಬದಲಾದ ಮಳೆಯನ್ನು ಲೆಕ್ಕಕ್ಕೆ ತೆಗೆದುಕೊಂಡರು. ರಾಗಿ ಬೆಳೆಯುವವನ ಪಾಲಿಗೆ ಅದೇ ಮಳೆ ಖಾತರಿಯ ಕಡಿತವಾಗಿ ಬಂತು.