ಲ್ಯಾಂಡ್‌ಸೀರ್‌ನ ನಾಯಿಗಳನ್ನು ನೋಡುವ ಬಗೆ

ನಾಯಿಯ ಚಿತ್ರ ಎಂದರೆ ಸಾಕು, ಕ್ಯಾಲೆಂಡರ್ ನೆನಪಾಗಿ ಮೂಗು ಮುರಿಯುವವರಿದ್ದಾರೆ. ಅಂಥವರು ಇಂಗ್ಲಿಷ್ ಚಿತ್ರಕಾರ ಎಡ್ವಿನ್ ಲ್ಯಾಂಡ್‌ಸೀರ್‌ನ (1802–1873) ‘ದಿ ಓಲ್ಡ್ ಶೆಫರ್ಡ್ಸ್ ಚೀಫ್ ಮೋರ್ನರ್’ನಿಂದ ಶುರುಮಾಡಲಿ. ಸತ್ತ ಕುರುಬನ ಪೆಟ್ಟಿಗೆಯ ಬಳಿ ಅವನ ನಾಯಿ ಇರುವ 1837ರ ಚಿತ್ರ. ಅಗಲ ಎರಡಡಿ, ಎತ್ತರ ಒಂದೂವರೆ ಅಡಿ, ಅಷ್ಟೇ.

ಕಣ್ಣು ನೇರ ನಾಯಿಯ ಮುಖಕ್ಕೇ ಓಡುತ್ತದೆ. ತಡೆಯಿರಿ. ಮೊದಲು ಕೋಣೆಯ ಸಾಮಾನು ನೋಡಿ: ನೆಲದ ಮೇಲೆ ಟೊಪ್ಪಿಗೆ, ಊರುಗೋಲು. ಸ್ಟೂಲಿನ ಮೇಲೆ ಮುಚ್ಚಿದ ಬೈಬಲ್, ಅದರ ಮೇಲೆ ಕನ್ನಡಕ. ಸತ್ತವನು ಮುದುಕ, ಬಡವ, ದೈವಭಕ್ತ ಎಂಬುದು ಇಷ್ಟರಲ್ಲೇ ತಿಳಿದುಹೋಗುತ್ತದೆ. ಆಮೇಲೆ ಶವಪೆಟ್ಟಿಗೆ, ಅದಕ್ಕೆ ಹೊದಿಸಿದ ಕಂಬಳಿ. ನಾಯಿ ಪೆಟ್ಟಿಗೆಗೆ ಎದೆಯೊತ್ತಿ, ಗದ್ದ ಊರಿದೆ. ಪಂಜ ಎಷ್ಟು ಬಿಗಿಯಾಗಿ ಹಿಡಿದಿದೆಯೆಂದರೆ ಕಂಬಳಿಯೇ ಜಾರಿದೆ. ವಿಮರ್ಶಕ ಜಾನ್ ರಸ್ಕಿನ್ ಈ ಚಿತ್ರವನ್ನು ಕೊಂಡಾಡಿದ್ದು ಇಂಥ ವಿವರಗಳಿಗಾಗಿಯೇ. ಇವನ್ನೆಲ್ಲ ದಾಟಿ ಮುಖಕ್ಕೆ ಬಂದರೆ ಆ ಕಣ್ಣುಗಳ ದುಃಖ ಅಗ್ಗದ್ದೆನಿಸುವುದಿಲ್ಲ.

ಸಾಮಾನಿನ ನಂತರ ಮೈ. ಗುರು ಬೆಂಜಮಿನ್ ಹೇಡನ್‌ನ ಒತ್ತಾಸೆಯಿಂದ ಲ್ಯಾಂಡ್‌ಸೀರ್ ಸತ್ತ ಪ್ರಾಣಿಗಳನ್ನು ಕೊಯ್ದು ಎಲುಬು, ಸ್ನಾಯುಗಳ ಪಾಠ ಕಲಿತವನು. ಅದರ ಫಲ ಕಾಣಬೇಕೆಂದರೆ ‘ಡಿಗ್ನಿಟಿ ಅಂಡ್ ಇಂಪ್ಯುಡೆನ್ಸ್’ (1839) ನೋಡಿ. ಗೂಡಿನ ಬಾಗಿಲಲ್ಲಿ ಗ್ರಾಫ್ಟನ್ ಎಂಬ ಬ್ಲಡ್‌ಹೌಂಡ್, ಮಗ್ಗುಲಲ್ಲಿ ಸ್ಕ್ರ್ಯಾಚ್ ಎಂಬ ಪುಟಾಣಿ ಟೆರಿಯರ್. ಗ್ರಾಫ್ಟನ್ ಹೊರಗೆ ಇಳಿಬಿಟ್ಟ ಮುಂಗಾಲಿಗೆ ನಿಜವಾದ ತೂಕವಿದೆ. ಅದರ ನುಣುಪು ಮೈಗೂ ಟೆರಿಯರ್‌ನ ಕೆದರಿದ ಕೂದಲಿಗೂ ಕುಂಚ ಓಡಿದ ರೀತಿಯೇ ಬೇರೆ.

ಎಲ್ಲವನ್ನೂ ಮೆಚ್ಚಲೇಬೇಕೆಂದಿಲ್ಲ. ‘ಲೇಯಿಂಗ್ ಡೌನ್ ದಿ ಲಾ’ದಲ್ಲಿ ಪೂಡಲ್ ನಾಯಿ ನ್ಯಾಯಾಧೀಶನಾಗಿ ಕೂತಿದೆ; ನಕ್ಕು ಮುಂದೆ ಹೋಗಬಹುದು. ನಾಯಿಗೆ ಮನುಷ್ಯನ ವೇಷ ತೊಡಿಸಿದಾಗಲೆಲ್ಲ ಲ್ಯಾಂಡ್‌ಸೀರ್ ಸೋಲುತ್ತಾನೆ, ನಾಯಿಯಾಗಿಯೇ ಬಿಟ್ಟಾಗ ಗೆಲ್ಲುತ್ತಾನೆ ಎಂಬುದು ನನ್ನ ಲೆಕ್ಕ. ರಾಣಿ ವಿಕ್ಟೋರಿಯಾಳ ಪತಿ ರಾಜಕುಮಾರ ಆಲ್ಬರ್ಟನ ಹೆಣ್ಣು ಗ್ರೇಹೌಂಡ್ ‘ಇಯಾಸ್’ (1841) ನೋಡಿ: ಕಪ್ಪು ಮೈ, ಬಿಲ್ಲಿನಂಥ ಹೊಟ್ಟೆ, ಪಕ್ಕದಲ್ಲಿ ಯಜಮಾನನ ಟೊಪ್ಪಿಗೆ, ಕೈಗವಸು. ಕುರುಬನಂತೆ ಇಲ್ಲೂ ಯಜಮಾನ ಚಿತ್ರದಲ್ಲಿಲ್ಲ. ಆದರೆ ಈ ಯಜಮಾನ ಬರುತ್ತಾನೆ.

ಲ್ಯಾಂಡ್‌ಸೀರ್‌ನ ಅಣ್ಣ ಥಾಮಸ್ ಕೆತ್ತಿದ ಪ್ರಿಂಟುಗಳು ಬ್ರಿಟನ್ನಿನ ಮನೆಮನೆಗೂ ಹೋದವು. ಆದರೆ ಕಪ್ಪುಬಿಳುಪಿನಲ್ಲಿ ಬಣ್ಣದ ಕೆಲಸ ದಕ್ಕುವುದಿಲ್ಲ. ಕುರುಬನ ನಾಯಿ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಸಂಗ್ರಹದಲ್ಲಿದೆ, ಗ್ರಾಫ್ಟನ್ ಟೇಟ್ ಗ್ಯಾಲರಿಯ ಸಂಗ್ರಹದಲ್ಲಿ. ಲಂಡನ್ನಿಗೆ ಹೋಗಲಾಗದವರು ಅವುಗಳ ಜಾಲತಾಣಗಳಲ್ಲಿ ಹಿಗ್ಗಿಸಿ ನೋಡಿ, ಪಂಜದಿಂದ ಶುರುಮಾಡಿ.